ಆತುರವೇನಿಲ್ಲ, ನಿಧಾನವಾಗಿ ಮಾಡಿ

ತಿಂಗಳ ಮೊದಲ ಭಾನುವಾರ, ತಿಂಡಿಯಾದ ಮೇಲೆ, ಧಾರವಾಡದಲ್ಲಿ ಚಿತ್ರ ಬರೆಯುವ ಒಬ್ಬ ಹುಡುಗಿಗೆ ನಾನು ಮೆಸೇಜು ಬರೆಯುತ್ತಿದ್ದೆ. ಮೊದಲು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿ ಉದ್ದಕ್ಕೆ ಬರೆಯುವುದು. ಆಮೇಲೆ ಅದನ್ನು ಪೂರ್ತಿ ಅಳಿಸುವುದು. ಕೊನೆಗೆ ಎದುರು ಕೂತ ಅಪ್ಪ ಹೇಳಿಕೊಟ್ಟದ್ದನ್ನು ಬರೆದು ಕಳಿಸುವುದು. 'ನಮಸ್ಕಾರ. ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ. ಚಿತ್ರ ಎಲ್ಲಿಯವರೆಗೆ ಬಂತು ಅಂತ ಕೇಳೋಣ ಅನ್ನಿಸಿತು. ಆತುರವೇನಿಲ್ಲ, ನಿಧಾನವಾಗಿ ಮಾಡಿ.' ಹತ್ತಿರ ಹತ್ತಿರ ಒಂದು ವರ್ಷ ಇದೇ ನಡೆಯಿತು. ಬರೆದು ಬರೆದು ನನಗೆ ಎಷ್ಟು ಸಾಕಾಗಿತ್ತೆಂದರೆ, ಫೋನಿನಲ್ಲಿ 'ನ' ಅಂತ ಒತ್ತಿದರೆ ಉಳಿದದ್ದು ತಾನಾಗಿಯೇ ಬರಬಾರದೇ ಅನ್ನಿಸುತ್ತಿತ್ತು.

ಆತುರ ಇತ್ತು. ಅಪ್ಪನ ಕಣ್ಣು ಹೋಗುತ್ತಿತ್ತು.

ಗ್ಲಾಕೋಮಾ ಅಂದಿದ್ದರು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ಸುತ್ತಲಿನ ನೋಟವೆಲ್ಲ ಹೋಗಿ ನಡುವೆ ಒಂದಿಷ್ಟು ಉಳಿದಿತ್ತು. "ಹೋದದ್ದು ವಾಪಸ್ ಬರೋಲ್ಲ, ಇರೋದನ್ನ ಉಳಿಸ್ಕೊಳ್ಳೋಣ," ಅಂದ ಡಾಕ್ಟರಮ್ಮ ದಿನಕ್ಕೆ ಮೂರು ಹೊತ್ತು ಹಾಕುವ ಹನಿ ಬರೆದುಕೊಟ್ಟಿದ್ದರು. ಎಷ್ಟು ದಿನ ಉಳಿಯುತ್ತದೆ ಅಂತ ನಾನು ಕೇಳಿದ್ದಕ್ಕೆ ಅವರು ಮುಖ ಕೆಳಗೆ ಮಾಡಿ ಇನ್ನೇನೋ ಬರೆಯತೊಡಗಿದರು. ಅವತ್ತು ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗಲೇ ನಾನು ನಿಶ್ಚಯ ಮಾಡಿಕೊಂಡೆ. ಆ ನಡುವಿನ ಒಂದಿಷ್ಟು ನೋಟ ಇರುವಾಗಲೇ ಅಪ್ಪನಿಗೆ ಅಮ್ಮನ ಮುಖವನ್ನು ತೋರಿಸಬೇಕು.

ಅಮ್ಮ ಹೋಗಿ ಆರು ವರ್ಷವಾಗಿತ್ತು. ನಮ್ಮ ಮನೆಯಲ್ಲಿ ಅವಳದ್ದು ಅಂತ ಸರಿಯಾದ ಒಂದು ಫೋಟೋ ಇರಲಿಲ್ಲ. ಇದ್ದವು ಮೂರು. ಮದುವೆಯದರಲ್ಲಿ ತಲೆ ಬಗ್ಗಿಸಿದ್ದಾಳೆ, ಬೈತಲೆ ಮಾತ್ರ ಕಾಣುತ್ತದೆ. ಇನ್ನೊಂದು ಯಾವುದೋ ಗುರುತಿನ ಚೀಟಿಗೆ ತೆಗೆಸಿದ್ದು, ಅದರಲ್ಲಿ ಯಾರ ಮೇಲೋ ಕೋಪ ಮಾಡಿಕೊಂಡವಳ ಹಾಗಿದ್ದಾಳೆ. ಮೂರನೆಯದು ನೆಂಟರ ಮನೆಯ ಗೃಹಪ್ರವೇಶದ್ದು. ಅದರಲ್ಲಿ ನಗುತ್ತಿದ್ದಾಳೆ, ಆದರೆ ಯಾರೋ ಪುಣ್ಯಾತ್ಮರು ಅಡ್ಡ ಹಿಡಿದ ಹೋಳಿಗೆ ತಟ್ಟೆ ಅರ್ಧ ಮುಖವನ್ನು ನುಂಗಿದೆ. ಅಪ್ಪ ಆ ಮೂರನ್ನೂ ಗೋಡೆಗೆ ಹಾಕಲು ಬಿಡಲಿಲ್ಲ. "ಅದು ಅವಳಲ್ಲ ಕಣಮ್ಮ," ಅನ್ನುತ್ತಿದ್ದರು.

ಹೇಳಿದರೆ ನಗಬೇಕು, ಅಪ್ಪ ನಲವತ್ತು ವರ್ಷ ಬೋರ್ಡು ಬರೆದವರು. ದೇವರಾಜ ಮೊಹಲ್ಲಾದ ಅರ್ಧ ಅಂಗಡಿಗಳ ಹೆಸರು ಅಪ್ಪನ ಕೈಯವು. ಬಳೆ ಅಂಗಡಿಗೆ ಬಳೆ ತೊಟ್ಟ ಕೈ, ಟೈಲರಿಗೆ ಕೋಟು ಹಾಕಿದ ಸಾಹೇಬ, ಹಾಲಿನ ಡೈರಿಗೆ ಹಸು, ಕೇಳಿದವರಿಗೆಲ್ಲ ಕೇಳಿದ್ದನ್ನು ಬರೆದುಕೊಟ್ಟರು. "ನಂದೂ ಒಂದು ಬರೀರಿ," ಅಂತ ಅಮ್ಮ ನನ್ನೆದುರಿಗೇ ಕೇಳಿದ್ದಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪ, ಈ ಬೋರ್ಡೊಂದು ಮುಗೀಲಿ ಅಂದರು. ಬೋರ್ಡುಗಳು ಮುಗಿಯಲಿಲ್ಲ. ಮುಗಿದಾಗ ಫ್ಲೆಕ್ಸು ಬಂದು ಒಟ್ಟಿಗೇ ಎಲ್ಲವೂ ಮುಗಿದುಹೋದವು, ಅಷ್ಟು ಹೊತ್ತಿಗೆ ಅಪ್ಪನ ಬಲಗೈ ನಡುಗಲು ಶುರುವಾಗಿತ್ತು.

ಹಾಗಾಗಿ ಬೇರೆಯವರ ಕೈಯಲ್ಲಿ ಬರೆಸುವ ಯೋಚನೆ ನನ್ನದು. ನಾನು ಯಾದವಗಿರಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಫೋನು ನೋಡುವಾಗ ಈ ಹುಡುಗಿಯ ಪುಟ ಕಣ್ಣಿಗೆ ಬಿತ್ತು. ಹರಿದ, ಮಾಸಿದ ಹಳೆಯ ಫೋಟೋಗಳನ್ನು ಇಟ್ಟುಕೊಂಡು ಆಯಿಲ್ ಪೇಂಟಿಂಗ್ ಮಾಡಿಕೊಡುತ್ತಾಳೆ. ಎಡಕ್ಕೆ ಫೋಟೋ, ಬಲಕ್ಕೆ ಚಿತ್ರ ಇಟ್ಟು ತೋರಿಸಿದ್ದಳು. ಕೈ ಚೆನ್ನಾಗಿತ್ತು. ಮನೆಗೆ ಬಂದು ಅಪ್ಪನಿಗೆ ತೋರಿಸಿದೆ. ಅಪ್ಪ ಫೋನನ್ನು ಮೂಗಿಗೆ ತಾಗುವ ಹಾಗೆ ಹಿಡಿದು, ಆಚೆ ಈಚೆ ಆಡಿಸಿ, ಒಂದು ಅಜ್ಜನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಕೆನ್ನೆ ಮೇಲೆ ಬೆಳಕು ಬುಟ್ಟಿರೋದ್ ನೋಡು. ಈ ಮಗೀಗೆ ಬರ್ತದೆ," ಅಂದರು. ಮೂರೂ ಫೋಟೋ ಕಳಿಸಿ, ಮುಂಗಡ ಕಟ್ಟಿ, ಒಪ್ಪಿಸಿದೆ. ಎಂಟು ವಾರ ಅಂದಳು.

ಎಂಟು ವಾರಕ್ಕೆ ಕೇಳಿದಾಗ, ಪರೀಕ್ಷೆ ಇತ್ತು ಅಂದಳು. ಹನ್ನೆರಡು ವಾರಕ್ಕೆ ಕೇಳಿದಾಗ ಒಳ್ಳೆಯ ಕ್ಯಾನ್ವಾಸು ಸಿಕ್ಕಿಲ್ಲ ಅಂದಳು. ಆಮೇಲೆ ಮಣಿಕಟ್ಟು ನೋವು, ಆಮೇಲೆ ಮನೆ ಬದಲಾಯಿಸಿದ್ದು, ಆಮೇಲೆ ಮಳೆಗೆ ಮೊದಲ ಕೋಟು ಬಣ್ಣ ಒಣಗದೇ ಇದ್ದದ್ದು. ಒಂದೊಂದು ಸಬೂಬನ್ನೂ ನಾನು ಹಲ್ಲು ಕಚ್ಚಿಕೊಂಡು ಓದಿ ಹೇಳುತ್ತಿದ್ದೆ. ಅಪ್ಪನಿಗೆ ಮಾತ್ರ ಮುಖವೆಲ್ಲ ನಗು. "ಒಣಗಿಲ್ವಂತಾ? ನಾನೂ ಅದನ್ನೇ ಹೇಳ್ತಿದ್ದೆ. ಬೇಸಿಗೇಲೂ ಹೇಳ್ತಿದ್ದೆ," ಅನ್ನುತ್ತಿದ್ದರು. ತಮ್ಮ ಕಸುಬಿನವರೊಬ್ಬರು ಇನ್ನೂ ಎಲ್ಲೋ ಇದ್ದಾರೆ ಅಂತ ತಿಳಿದವರ ಖುಷಿ ಅದು.

ಅಪ್ಪನ ಕೈಗೆ ಹೆಸರಿದ್ದ ಹಾಗೇ ಅಪ್ಪನ ತಡಕ್ಕೂ ಹೆಸರಿತ್ತು. ನಾನು ಚಿಕ್ಕವಳಿದ್ದಾಗ ನಮ್ಮದು ಇದೇ ಮೊಹಲ್ಲಾದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ. ಬೋರ್ಡು ಕೇಳಲು ಬಂದವರ ಚಪ್ಪಲಿ ಮೆಟ್ಟಿಲ ಮೇಲೆ ಸದ್ದಾದ ಕೂಡಲೇ ಅಪ್ಪ ಬ್ರಷ್ಷು ಬಿಟ್ಟು ಅಡುಗೆಮನೆಗೆ ಹೋಗಿ ಒರಳುಕಲ್ಲಿನ ಪಕ್ಕ ಕೂತುಬಿಡುತ್ತಿದ್ದರು. ಬಾಗಿಲಿಗೆ ಹೋಗಿ ನಿಲ್ಲುವುದು ನನ್ನ ಕೆಲಸ. "ಅಪ್ಪ ಮಂಡಕಳ್ಳಿಗೆ ಹೋಗಿದ್ದಾರೆ," ಅನ್ನಬೇಕು. ಈಗ ಅಲ್ಲಿ ಇಳಿಯುವ ವಿಮಾನಗಿಮಾನ ಏನೂ ಇಲ್ಲದ ಕಾಲ ಅದು, ಮಂಡಕಳ್ಳಿ ಅಂದರೆ ಊರಾಚೆಯ ಹಳ್ಳಿ, ಹೌದೋ ಅಲ್ಲವೋ ಅಂತ ಅಷ್ಟು ದೂರ ಹೋಗಿ ನೋಡಿ ಬರುವವರು ಯಾರೂ ಇರಲಿಲ್ಲ. ಪಾತ್ರೆ ಅಂಗಡಿಯವರು ಒಮ್ಮೆ ನನ್ನ ತಲೆ ನೇವರಿಸಿ, "ನಿಮ್ಮಪ್ಪ ಮಂಡಕಳ್ಳೀಲೇ ಮನೆ ಮಾಡ್ಬುಡ್ಲಿ ಕಣಮ್ಮ, ನಿಂಗೂ ಸುಳ್ಳೇಳೋದು ತಪ್ತದೆ," ಅಂದರು. ಮುಖವೆಲ್ಲ ಬಿಸಿಯಾಗಿ ನಾನು ಒಳಗೆ ಓಡಿದ್ದೆ. ಒಳಗೆ ಅಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಬಂದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಬೇಕಿತ್ತು ಅಂತ ಪೇಚಾಡಿಕೊಳ್ಳುತ್ತಿದ್ದಳು.

ಈಗ ನಾನೇ ಪಾತ್ರೆ ಅಂಗಡಿಯವಳಾಗಿ ಮೆಟ್ಟಿಲು ಹತ್ತುತ್ತಿದ್ದೆ, ಬಾಗಿಲಲ್ಲಿ ಯಾರೂ ಇರಲಿಲ್ಲ. ಮೆಸೇಜು ಓದಿದ್ದಕ್ಕೆ ನೀಲಿ ಗುರುತು ಬೀಳುತ್ತಿತ್ತು, ಉತ್ತರ ನಾಲ್ಕು ದಿನಕ್ಕೆ ಬರುತ್ತಿತ್ತು. ಆ ನಾಲ್ಕು ದಿನವೂ ಅವಳ ಪುಟದಲ್ಲಿ ಹೊಸ ಹೊಸ ಚಿತ್ರಗಳು ಕಾಣಿಸಿಕೊಳ್ಳುತ್ತಿದ್ದವು. ಯಾರದೋ ಮದುವೆಯ ಜೋಡಿ. ಯಾರದೋ ಹುಟ್ಟುಹಬ್ಬದ ಮಗು. ಒಂದು ಸಲ ಕುತ್ತಿಗೆಗೆ ರಿಬ್ಬನ್ ಕಟ್ಟಿಕೊಂಡ ಬಿಳಿಯ ನಾಯಿ. ಆ ನಾಯಿಯನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಾಯಿಗೆ ಎರಡು ವಾರದಲ್ಲಿ ಮುಖ ಬಂದಿತ್ತು, ನಮ್ಮಮ್ಮನಿಗೆ ಹತ್ತು ತಿಂಗಳಾದರೂ ಬಂದಿರಲಿಲ್ಲ. ಅವಳನ್ನು ಚೆನ್ನಾಗಿ ಬೈದು ಒಂದು ಮೆಸೇಜು ಬರೆದು, ಸುಮ್ಮನಿರಲಾರದೆ ಅಪ್ಪನಿಗೆ ಓದಿ ಹೇಳಿದೆ.

"ಕಳುಸ್ಬೇಡ," ಅಂದರು.

"ಯಾಕೆ? ಕಣ್ಣಿನ ವಿಷಯನಾದ್ರೂ ಹೇಳ್ತೀನಿ. ಅಪ್ಪನಿಗೆ ಕಾಣ್ತಿರೋವಾಗ್ಲೇ ಮಾಡ್ಕೊಡಿ ಅಂತ ಒಂದೇ ಒಂದು ಸಾಲು ಬರೀತೀನಿ."

"ಅದ್ನಂತೂ ಬರೀಲೇಬ್ಯಾಡ. ಕನಿಕರಕ್ಕೆ ಕೈ ಓಡುದ್ರೆ ಗೆರೆ ಹೆಂಗ್ ಬತ್ತದೆ? ಅವಸ್ರಕ್ಕೆ ಏನೋ ಒಂದು ಬಳ್ದು ಕಳುಸ್ಬುಡ್ತಾಳೆ. ಅದೂ ನಿಮ್ಮಮ್ಮ ಆಗಾಕಿಲ್ಲ."

"ಇನ್ನೂ ಎಷ್ಟು ದಿನ ಕಾಯೋದು ಅಪ್ಪ?"

ಅಪ್ಪ ಮಂಡಿಯ ಮೇಲೆ ನಡುಗುತ್ತಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ನಿಮ್ಮಮ್ಮ ಇಪ್ಪತ್ತೈದು ವರ್ಷ ಕಾದ್ಲು," ಅಂದರು. "ಒಂದ್ಸಲ ಕೇಳಿದ್ಲು, ಆಮೇಲೆ ಕೇಳ್ಲೇ ಇಲ್ಲ. ಎರಡ್ನೇ ಸಲ ಕೇಳಿದ್ರೆ ಬರ್ದುಬುಡ್ತಿದ್ನೇನೋ."

ನಾನು ಆ ಮೆಸೇಜನ್ನು ಅಳಿಸಿದೆ. 'ನಿಧಾನವಾಗಿ ಮಾಡಿ' ಅಂತ ಬರೆದೆ. ಆ ಹುಡುಗಿಯ ನೆಪದಲ್ಲಿ ಅಪ್ಪ ತಮ್ಮದೇ ತಡದ ಪರವಾಗಿ ವಾದ ಮಾಡುತ್ತಿದ್ದರು ಅನ್ನುವುದು ಅವತ್ತು ಗೊತ್ತಾಯಿತು. ಗೊತ್ತಾದ ಮೇಲೆ ಜಗಳವಾಡುವ ಚೈತನ್ಯ ಉಳಿಯಲಿಲ್ಲ.

ಇನ್ನೆರಡು ತಿಂಗಳು ಹೀಗೇ ಹೋಯಿತು. ಕಾಯುವುದರಲ್ಲಿ ಒಂದು ಥರದ ಆಯಾಸ ಇರುತ್ತದೆ. ಕೆಲಸ ಮಾಡಿ ಬಂದ ಆಯಾಸದ ಹಾಗೆ ಮಲಗಿ ಎದ್ದರೆ ಅದು ಹೋಗುವುದಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗಲೇ ಇವತ್ತು ಉತ್ತರ ಬಂದಿರಬಹುದೇ ಅನ್ನಿಸುತ್ತದೆ. ಬಂದಿರುವುದಿಲ್ಲ. ಆಫೀಸಿನಲ್ಲಿ ಮಕ್ಕಳ ತಂದೆತಾಯಿಯರು ವರ್ಗಾವಣೆ ಪತ್ರಕ್ಕೆ ಎರಡು ದಿನ ತಡವಾಯಿತು ಅಂತ ನನ್ನ ಮೇಲೆ ಹಾರಾಡಿದರೆ, ಪುಣ್ಯವಂತರು, ಬಾಯಿ ಬಿಟ್ಟು ಬೈಯುವುದಕ್ಕೆ ಇವರಿಗೆ ಯಾರೋ ಒಬ್ಬರು ಎದುರಿಗೆ ಇದ್ದಾರಲ್ಲ ಅಂತ ಹೊಟ್ಟೆಕಿಚ್ಚಾಗುತ್ತಿತ್ತು. ಈ ನಡುವೆ ಅಪ್ಪನನ್ನು ಮತ್ತೆ ಆಸ್ಪತ್ರೆಗೆ ತೋರಿಸುವ ದಿನ ಬಂತು. "ದಸರಾ ಗಲಾಟೆ ಮುಗೀಲಿ ಬುಡು, ಎಲ್ಲ ಚೆನ್ನಾಗೇ ಕಾಣ್ತದೆ," ಅಂದರು. ನನಗೂ ರಜೆ ಹಾಕುವುದು ಕಷ್ಟವಿತ್ತು. ಸರಿ ಅಂದೆ.

ದಸರಾ ಕಳೆದ ಮೇಲೆ ಒಂದು ದಿನ ಆಫೀಸಿನ ಹಿಂದಿನ ಸಂಪಿಗೆ ಮರದ ಕೆಳಗೆ ನಿಂತು, ಅಪ್ಪನಿಗೆ ತಿಳಿಯದ ಹಾಗೆ, ಆ ಹುಡುಗಿಗೆ ಫೋನು ಮಾಡಿದೆ. ಎತ್ತುವುದಿಲ್ಲ ಅಂದುಕೊಂಡಿದ್ದೆ, ಎತ್ತಿದಳು. ಧ್ವನಿ ತೀರಾ ಚಿಕ್ಕವಳದ್ದು. ನಾನು ಯಾರು ಅಂತ ಹೇಳಿದ ಕೂಡಲೇ, "ಅಕ್ಕಾರ, ನಿಮ್ದು ಮುಂದಿನ ತಿಂಗಳ ಶುರು ಮಾಡಾಕಿ ಇದ್ದೆ ರೀ," ಅಂದಳು.

ಶುರು. ಒಂದು ವರ್ಷವಾದ ಮೇಲೆ ಶುರು. ಮೊದಲ ಕೋಟು ಒಣಗಿಲ್ಲ ಅಂದದ್ದು ನಮ್ಮ ಚಿತ್ರದ್ದಲ್ಲವೇ ಅಂತ ಕೇಳಿದೆ. ಅವಳು ಅಳುವ ದನಿಯಲ್ಲಿ, "ಲಗ್ನದವರು ತಾರೀಖು ಹಾಕಿ ಕುಂತಿರ್ತಾರ್ರಿ. ದಿನಾ ಫೋನ್ ಮಾಡ್ತಾರ. ಬೈತಾರ. ನೀವೊಬ್ರೇ ಪ್ರತಿ ಸಲ ಅವಸರಿಲ್ಲ ಅಂತ ಬರೀತಿದ್ರಿ. ನೀವು ಛಲೋ ಮಂದಿ, ನಿಮ್ದು ಆಮ್ಯಾಲೆ ನೋಡಿದ್ರ ಆತು ಅನ್ಕೊಂಡೆ," ಅಂದಳು.

ಬೈಯುವುದಕ್ಕೆ ಅಂತಲೇ ಫೋನು ಮಾಡಿದವಳು ನಾನು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, 'ಆತುರವೇನಿಲ್ಲ' ಅಂದರೆ ಬೇಗ ಕೊಡಿ, ನಾಚಿಕೆಯಿಂದ ಕೇಳುತ್ತಿಲ್ಲ ಅಂತ ಅರ್ಥ. ಟೈಲರಿಗೂ ಹಾಗೇ ಅನ್ನುತ್ತೇವೆ, ಅಕ್ಕಸಾಲಿಗರಿಗೂ ಹಾಗೇ ಅನ್ನುತ್ತೇವೆ, ಅವರೂ ಇದೇ ಬೀದಿಯವರಾದ್ದರಿಂದ ತಿಳಿದುಕೊಳ್ಳುತ್ತಾರೆ. ಧಾರವಾಡದಲ್ಲಿ ಕೂತ ಹುಡುಗಿಗೆ ಬರೆದದ್ದಷ್ಟೇ ಕಾಣುತ್ತದೆ. ನಮ್ಮ ದಾಕ್ಷಿಣ್ಯ ನಮ್ಮನ್ನೇ ಸಾಲಿನ ಕೊನೆಯಲ್ಲಿ ನಿಲ್ಲಿಸಿತ್ತು. ಪ್ರತಿ ತಿಂಗಳೂ ನಾನೇ ನನ್ನ ಕೈಯಾರೆ ನಮ್ಮನ್ನು ಹಿಂದಕ್ಕೆ ತಳ್ಳಿದ್ದೆ.

ಕಣ್ಣಿನ ವಿಷಯ ಹೇಳಿಬಿಟ್ಟೆ. ಅಪ್ಪ ಬೇಡ ಅಂದದ್ದನ್ನು ಮೀರಿದೆ. "ಇದನ್ನ ಮೊದಲ ದಿನನ ಯಾಕ ಹೇಳ್ಲಿಲ್ರಿ ಅಕ್ಕಾರ?" ಅಂದಳು.

ಮರುದಿನದಿಂದಲೇ ಕೆಲಸ ಶುರುವಾಯಿತು. ಫೋಟೋಗಳಲ್ಲಿ ಕಾಣದ್ದನ್ನು ಕೇಳಬೇಕು ಅಂತ ಒಂದು ಸಂಜೆ ತಾನಾಗಿಯೇ ಫೋನು ಮಾಡಿದಳು. ನಾನು ಸ್ಪೀಕರ್ ಹಾಕಿ ಅಪ್ಪನ ಮುಂದೆ ಇಟ್ಟೆ. ಅಪ್ಪ ಮುಕ್ಕಾಲು ಗಂಟೆ ಅಮ್ಮನ ಮುಖ ಹೇಳಿದರು. ಹೆಂಡತಿಯ ಬಗ್ಗೆ ಮಾತಾಡಿದ ಹಾಗಿರಲಿಲ್ಲ ಅದು, ಒಬ್ಬ ಪೇಂಟರು ಇನ್ನೊಬ್ಬ ಪೇಂಟರಿಗೆ ಕೆಲಸ ಒಪ್ಪಿಸಿದ ಹಾಗಿತ್ತು. ಹಣೆ ಅಗಲ, ಆದರೆ ಕೂದಲು ಮುಂದಕ್ಕೆ ಬೆಳೆದು ಅಗಲ ಕಾಣಲ್ಲ. ಎಡಹುಬ್ಬು ಒಂದು ನೂಲು ಮೇಲೆ. ನಗುವಾಗ ಕೆಳತುಟಿ ಮೊದಲು ಅಲುಗುತ್ತದೆ, ಮೇಲ್ತುಟಿ ಆಮೇಲೆ, ಅದಕ್ಕೇ ನಗು ತಡೆದುಕೊಂಡ ಹಾಗೆ ಕಾಣುತ್ತದೆ. ನನಗೆ ಇದ್ಯಾವುದೂ ತಿಳಿದಿರಲಿಲ್ಲ. ಇಷ್ಟು ನೋಡಿಟ್ಟುಕೊಂಡವರು ಒಂದು ಗೆರೆಯನ್ನೂ ಎಳೆಯಲಿಲ್ಲವಲ್ಲ ಅಂತ ಅಪ್ಪನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಅನ್ನಕ್ಕೆ ಇಡುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಅರ್ಧ ಮುಗಿದ ಚಿತ್ರವನ್ನು ಫೋನಿಗೆ ಕಳಿಸಿದಳು. ಅಪ್ಪ ಫೋನು ಇಸಿದುಕೊಂಡು, ಮೊದಲಿನ ಹಾಗೆ ಮೂಗಿನ ಹತ್ತಿರ ಹಿಡಿಯಲಿಲ್ಲ. ಹಾಗೇ ವಾಪಸ್ಸು ಕೊಟ್ಟರು. "ಫೋನಲ್ಲಿ ಬಣ್ಣ ತಿಳಿಯಾಕಿಲ್ಲ. ಬರ್ಲಿ, ಕೈಲೇ ನೋಡ್ತೀನಿ," ಅಂದರು. ಇದು ಕಸುಬುದಾರನ ಮಾತು ಅಂದುಕೊಂಡೆ. ಆಸ್ಪತ್ರೆಯ ಮಾತನ್ನು ನಾನೂ ಎತ್ತಲಿಲ್ಲ. ಚಿತ್ರ ಬರಲಿ, ಅದೊಂದು ಮುಗಿದರೆ ಸಾಕು ಅನ್ನಿಸಿಬಿಟ್ಟಿತ್ತು.

ಆಮೇಲೂ ವಾರ್ನಿಷ್ ಒಣಗಲು ಮೂರು ವಾರ ಹಿಡಿಯಿತು. ಈ ಸಲ ನಿಜವಾಗಿಯೂ ಒಣಗಿರಲಿಲ್ಲ, ಫೋಟೋ ಕಳಿಸಿ ತೋರಿಸಿದಳು. ಪಾರ್ಸಲ್ಲು ಬಂದದ್ದು ಒಂದು ಶನಿವಾರ ಬೆಳಗ್ಗೆ ಹತ್ತೂವರೆಗೆ. ರಟ್ಟು, ಥರ್ಮೊಕೋಲು, ಅದರೊಳಗೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕು, ಇವನ್ನೆಲ್ಲ ಬಾಗಿಲ ಹತ್ತಿರವೇ ಕತ್ತರಿಸಿ ಬಿಚ್ಚಿದೆ. ಅಪ್ಪ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆಳಕಿಗೆ ಕೂತಿದ್ದರು. ಕ್ಯಾನ್ವಾಸನ್ನು ಅವರ ಕೈಗೆ ಕೊಟ್ಟೆ. ಬಣ್ಣ ಅಂಟದಿರಲಿ ಅಂತ ಆ ಹುಡುಗಿ ಅದರ ಮುಖಕ್ಕಷ್ಟೇ ದಪ್ಪನೆಯ ಬಿಳಿಯ ಬಟರ್ ಪೇಪರ್ ಹೊದಿಸಿ, ಮೇಲೂ ಕೆಳಗೂ ಟೇಪನ್ನು ಹಿಂದಕ್ಕೆ ಎಳೆದು ಅಂಟಿಸಿದ್ದಳು. ಟೇಪು ಕೀಳಲು ಬರಲಿಲ್ಲ. ಕತ್ತರಿಯನ್ನು ಬಾಗಿಲ ಹತ್ತಿರ ರಟ್ಟಿನ ಜೊತೆ ಬಿಟ್ಟು ಬಂದಿದ್ದೆ. ತರುತ್ತೇನೆ ಅಂತ ಬಾಯಿಬಿಟ್ಟು ಹೇಳದೆ ಎದ್ದು ಹೋದೆ.

ವಾಪಸ್ಸು ಬಂದಾಗ ಅಪ್ಪ ಕ್ಯಾನ್ವಾಸನ್ನು ಕೈ ಚಾಚಿ ದೂರ ಹಿಡಿದು ನೋಡುತ್ತಿದ್ದರು. ಪೇಂಟರುಗಳು ಹಿಡಿಯುವ ಹಾಗೆ, ಎರಡೂ ಅಂಚಿನಲ್ಲಿ ಬೆರಳ ತುದಿ ಮಾತ್ರ, ಮುಂಭಾಗಕ್ಕೆ ಎಲ್ಲಿಯೂ ಕೈ ತಾಗಿಸದೆ. ಬಟರ್ ಪೇಪರ್ ಇನ್ನೂ ಹಾಗೇ ಇತ್ತು.

"ಚೆನ್ನಾಗ್ ಬಂದದೆ ಕಣಮ್ಮ," ಅಂದರು. "ಮುಖ ಹಿಡ್ದುಬುಟ್ಟವಳೆ. ಆ ತುಟಿ ನೋಡು."

ನನ್ನ ಕೈಯಲ್ಲಿದ್ದ ಕತ್ತರಿಯ ಬಾಯಿ ಮುಚ್ಚಿ ಹಿಡಿದುಕೊಂಡೆ. ಅಪ್ಪನಿಗೆ ಎಂದಿನಿಂದ ಕಾಣುತ್ತಿಲ್ಲವೋ ಗೊತ್ತಿಲ್ಲ. ದಸರಾಕ್ಕೆ ಮೊದಲಿನಿಂದಲೋ, ಆಮೇಲೋ. ನನಗೆ ತಿಳಿದರೆ ಆ ಹುಡುಗಿಯ ಬೆನ್ನು ಹತ್ತುತ್ತೇನೆ ಅಂತ ಬಚ್ಚಿಟ್ಟರೋ, ಇಷ್ಟು ತಿಂಗಳು ಕಾದ ನನ್ನ ಮುಖ ನೋಡಲಾರದೆ ಬಚ್ಚಿಟ್ಟರೋ, ಅದೂ ಗೊತ್ತಿಲ್ಲ. ಅವಳು ತಡ ಮಾಡಿದ ಒಂದೊಂದು ವಾರವನ್ನೂ ಎಣಿಸಿದವಳು, ಆಸ್ಪತ್ರೆಗೆ ಆಮೇಲೆ ಹೋದರಾಯಿತು ಅಂತ ನಾನು ಬಿಟ್ಟ ವಾರಗಳನ್ನು ಎಣಿಸಿರಲಿಲ್ಲ.

ಅಪ್ಪನ ಕೈಯಿಂದ ಚಿತ್ರವನ್ನು ಮೆಲ್ಲಗೆ ತೆಗೆದುಕೊಂಡೆ. "ಬೆಳಕಿಗೆ ಹಿಡೀತೀನಿ ತಾಳಿ," ಅಂದೆ. ಸದ್ದು ಕೇಳಿಸದಿರಲಿ ಅಂತ ಕೆಮ್ಮುತ್ತಾ ಟೇಪು ಕತ್ತರಿಸಿದೆ, ಕೆಮ್ಮುತ್ತಾ ಪೇಪರು ತೆಗೆದೆ. ಅಮ್ಮ ಇದ್ದಳು. ಎಡಹುಬ್ಬು ಒಂದು ನೂಲು ಮೇಲಿತ್ತು, ಕೆಳತುಟಿ ಆಗತಾನೇ ಅಲುಗಿ, ಮೇಲ್ತುಟಿ ಇನ್ನೂ ತಡೆದುಕೊಂಡಿತ್ತು. ಅಷ್ಟು ಚೆನ್ನಾಗಿ ಬಂದಿತ್ತು.

"ನಿಂಗೆ ಹೆಂಗನ್ಸ್ತದೆ?" ಅಂತ ಅಪ್ಪ ಕೇಳಿದರು. ಮುಖ ನನ್ನ ಕಡೆಗಿತ್ತು, ಆದರೆ ನಾನಿದ್ದ ಜಾಗದಿಂದ ಒಂದು ಗೇಣು ಪಕ್ಕಕ್ಕೆ.

ನಾನು ಅವರ ಕಾಲ ಬಳಿ ಕೂತು, ಹಣೆಯಿಂದ ಶುರು ಮಾಡಿ ಹೇಳುತ್ತಾ ಹೋದೆ. ಕೂದಲು ಮುಂದಕ್ಕೆ ಬಂದಿದೆ ಅಪ್ಪ. ಬೆಳಕು ಎಡಗಡೆಯಿಂದ ಬೀಳುತ್ತಿದೆ. ಕುಂಕುಮ ಚೂರು ಓರೆಯಾಗಿದೆ, ಬೆಳಗ್ಗೆ ಅವಸರದಲ್ಲಿ ಇಟ್ಟುಕೊಳ್ಳುತ್ತಿದ್ದಳಲ್ಲ, ಹಾಗೆ. ಸೆರಗು ಹಸಿರು, ಕತ್ತಿನ ಹತ್ತಿರ ಒಂದು ಮಡಿಕೆ ಇದೆ. ಏನೋ ಹೇಳಲು ಹೊರಟವಳ ಹಾಗಿದ್ದಾಳೆ. ಯಾವುದನ್ನೂ ಬಿಡಲಿಲ್ಲ. ನಾನು ಒಂದೊಂದನ್ನು ಹೇಳಿದಾಗಲೂ ಅಪ್ಪ ತಲೆಯಾಡಿಸುತ್ತಾ, "ಹೂಂ, ನಾನೂ ಅದನ್ನೇ ನೋಡ್ತಿದ್ದೆ," ಅನ್ನುತ್ತಿದ್ದರು.